ಬಂಡೆಯ ನೆಲವೂ ಭೂಕಂಪದ ಎಚ್ಚರವೂ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕು ಸೀಮೆಗಳ ಜನರಲ್ಲಿ ಒಂದು ನಂಬುಗೆಯು ಬಹುಕಾಲದಿಂದ ಬೇರೂರಿದೆ. ‘ನಮ್ಮದು ಕಲ್ಲುನಾಡು, ಭೂಕಂಪವು ಹಿಮಾಲಯದವರಿಗೂ ಜಪಾನಿನವರಿಗೂ ಬರತಕ್ಕ ಕಷ್ಟ, ನಮಗೆ ಅದರ ಗೊಡವೆಯಿಲ್ಲ’ ಎಂಬುದೇ ಆ ನಂಬುಗೆ. ಪೇಟೆಯ ವರ್ತಕರಿಂದ ಹಿಡಿದು ಕಚೇರಿಯ ಅಧಿಕಾರಿಗಳವರೆಗೆ ಎಲ್ಲರ ಬಾಯಲ್ಲಿಯೂ ಈ ಮಾತು ಸುಲಭವಾಗಿ ಹೊರಡುತ್ತದೆ. ಇದರಲ್ಲಿ ಒಂದು ಸತ್ಯಾಂಶವೂ ಉಂಟು, ಒಂದು ಅಪಾಯವೂ ಉಂಟು. ಎರಡನ್ನೂ ಬೇರ್ಪಡಿಸಿ ವಾಚಕರ ಮುಂದಿಡುವುದು ನಮ್ಮ ಕರ್ತವ್ಯವೆಂದು ಭಾವಿಸಿ ಈ ಲೇಖನವನ್ನು ಬರೆಯುತ್ತಿದ್ದೇವೆ.

ಮೊದಲು ಸತ್ಯಾಂಶವನ್ನು ಒಪ್ಪಿಕೊಳ್ಳೋಣ. ನಮ್ಮ ಕಾಲ ಕೆಳಗಿನ ಬಂಡೆಯು ಭೂಮಂಡಲದಲ್ಲಿಯೇ ಅತಿ ಹಳೆಯ ಬಂಡೆಗಳ ಪಂಕ್ತಿಗೆ ಸೇರಿದೆ. ರಾಮನಗರದ ಹಳೆಯ ಹೆಸರಾದ ಕ್ಲೋಸ್‌ಪೇಟೆಯಿಂದ ಹೆಸರು ಪಡೆದ ಗ್ರಾನೈಟ್ ಶಿಲೆಯ ಪಟ್ಟಿಯು ದಕ್ಷಿಣದಿಂದ ಉತ್ತರಕ್ಕೆ ಹಬ್ಬಿ ಹಂಪಿ, ಆನೆಗೊಂದಿಗಳ ನೆರೆಯಿಂದ ನಮ್ಮ ಸೀಮೆಯನ್ನು ಪ್ರವೇಶಿಸುತ್ತದೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷಗಳು. ಹಿಮಾಲಯವು ಇದರ ಮುಂದೆ ನಿನ್ನೆ ಮೊನ್ನೆ ಹುಟ್ಟಿದ ಕೂಸು. ಭಾರತೀಯ ಮಾನಕ ಬ್ಯೂರೋದವರು 2002ರಲ್ಲಿ ಪ್ರಕಟಿಸಿದ ಭೂಕಂಪ ನಕಾಶೆಯಲ್ಲಿಯೂ ನಮ್ಮ ಸೀಮೆಯನ್ನು ಅತಿ ಕಡಿಮೆ ಅಪಾಯದ ವಲಯದಲ್ಲಿಯೇ ಇರಿಸಲಾಗಿತ್ತು.

ಇದಕ್ಕೆ ಸಾಕ್ಷಿಗಳೂ ನಮ್ಮ ಮನೆಬಾಗಿಲಿನಲ್ಲಿಯೇ ಇವೆ. ಕೊಪ್ಪಳದ ಪಾಲ್ಕಿಗುಂಡನ್ನು ನೋಡದವರು ಈ ಊರಿನಲ್ಲಿ ವಿರಳ. ಎರಡು ಗುಂಡುಗಳ ಮೇಲೆ ಕೊಡೆ ಹಿಡಿದಂತೆ ನಿಂತಿರುವ ಆ ಬಂಡೆಯ ನೆರಳಿನಲ್ಲಿ ಅಶೋಕ ಚಕ್ರವರ್ತಿಯ ಶಾಸನವು 2200 ವರ್ಷಗಳಿಗೂ ಹಿಂದೆ ಕೆತ್ತಲ್ಪಟ್ಟಿತು. ಇಂದಿಗೂ ಅದು ಅಲ್ಲಿಯೇ ಇದೆ. ಗಂಗಾವತಿ ತಾಲೂಕಿನ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಬೃಹತ್ ಶಿಲಾ ಸಂಪ್ರದಾಯವನ್ನು ಅನುಸರಿಸಿದ ಜನರು ಚಪ್ಪಡಿಗಳನ್ನು ನಿಲ್ಲಿಸಿ ಕಟ್ಟಿದ ಕಲ್ಮನೆಗಳು ನೂರಾರಿವೆ. 2000 ವರ್ಷಗಳಿಗೂ ಮೀರಿದ ಅವುಗಳಲ್ಲಿ ಅನೇಕವು ಇನ್ನೂ ನೆಟ್ಟಗೆ ನಿಂತಿವೆ. ಅಮೇರಿಕದ ಭೂಕಂಪ ವಿಜ್ಞಾನಿ ಜೇಮ್ಸ್ ಬ್ರೂನ್ ಎಂಬವರು ನೆವಾಡ, ಕ್ಯಾಲಿಫೋರ್ನಿಯ ಪ್ರಾಂತಗಳಲ್ಲಿ ಇಂತಹ ತೂಗುಬಂಡೆಗಳನ್ನು ಅಳೆದು, ಇದನ್ನು ಉರುಳಿಸಲು ಎಷ್ಟು ಬಲದ ನಡುಕ ಬೇಕೆಂದು ಲೆಕ್ಕ ಹಾಕಿ, ಬಂಡೆ ನಿಂತಿರುವ ಕಾಲದಲ್ಲಿ ಅಷ್ಟು ಬಲದ ನಡುಕವು ಆ ಸ್ಥಳದಲ್ಲಿ ಆಗಿರಲಾರದೆಂದು ತೀರ್ಮಾನಿಸುವ ಮಾರ್ಗವನ್ನು ತೋರಿಸಿದರು. ಆ ದೃಷ್ಟಿಯಿಂದ ನಮ್ಮ ಗುಡ್ಡಗಳು ಒಂದು ದೊಡ್ಡ ದಫ್ತರಖಾನೆಯೇ ಸರಿ.

ಆದರೆ ಸಾಕ್ಷಿಯು ಹೇಳಿದಷ್ಟನ್ನೇ ಕೇಳಬೇಕು. ಹೇಳದಿರುವುದನ್ನು ಅದರ ಬಾಯಲ್ಲಿ ತುರುಕಬಾರದು. ಪಾಲ್ಕಿಗುಂಡು ನಿಂತಿದೆಯೆಂದರೆ ಅದನ್ನು ಉರುಳಿಸುವಷ್ಟು ದೊಡ್ಡ ನಡುಕವು ಆಗಿಲ್ಲವೆಂದು ಮಾತ್ರ ಅರ್ಥ. ಗ್ರಾನೈಟ್ ಗುಂಡನ್ನು ಕದಲಿಸಲಾರದ ನಡುಕವು ಹಸಿಮಣ್ಣಿನಲ್ಲಿ ಜೋಡಿಸಿದ ಕಲ್ಲುಗೋಡೆಯನ್ನು ಕೆಡವಬಲ್ಲದು. ನಮ್ಮ ಜನರು ವಾಸಿಸುತ್ತಿರುವುದು ಪಾಲ್ಕಿಗುಂಡಿನ ಕೆಳಗಲ್ಲ, ಆ ಗೋಡೆಗಳ ಒಳಗೆ. 1843ರ ಏಪ್ರಿಲಿನಲ್ಲಿ ಬಳ್ಳಾರಿಯ ಸುತ್ತಣ ನೆಲವು ನಡುಗಿದುದು ದೇಶದ ಭೂಕಂಪಗಳ ಪಟ್ಟಿಯಲ್ಲಿ ದಾಖಲಾಗಿದೆ. ಬಳ್ಳಾರಿಯು ಕೊಪ್ಪಳಕ್ಕೆ ದೂರದ ಊರಲ್ಲ.

ಇನ್ನು 1993ರ ಸೆಪ್ಟೆಂಬರ್ 30ನೆಯ ದಿನವನ್ನು ಮರೆಯಲಾದೀತೇ? ಗಣೇಶ ವಿಸರ್ಜನೆಯನ್ನು ಮುಗಿಸಿ ಮಲಗಿದ್ದ ಜನರ ಮೇಲೆ, ಬೆಳಗಿನ ಜಾವ ನಾಲ್ಕು ಗಂಟೆಯ ಸುಮಾರಿಗೆ, ಲಾತೂರು ಜಿಲ್ಲೆಯ ಕಿಲ್ಲಾರಿ ಮತ್ತು ಅದರ ಸುತ್ತಣ ಹಳ್ಳಿಗಳು ಕುಸಿದುಬಿದ್ದವು. ಸುಮಾರು 10,000 ಪ್ರಾಣಗಳು ಹೋದವು. ಕೊಪ್ಪಳದಿಂದ ಕಿಲ್ಲಾರಿಗೆ ನೇರ ದೂರವು ಸುಮಾರು 300 ಕಿಲೋಮೀಟರು. ಅಂದಿನ ನಕಾಶೆಯಲ್ಲಿ ಆ ಪ್ರದೇಶವೂ ಅತಿ ಕಡಿಮೆ ಅಪಾಯದ್ದೆಂದೇ ಗುರುತಿಸಲ್ಪಟ್ಟಿತ್ತು. ಅದು ‘ಒಂದನೆಯ ವಲಯ’ವೆನಿಸಿತ್ತು. ಆ ಅನುಭವದ ಬಳಿಕ 2002ರ ನಕಾಶೆಯಲ್ಲಿ ಒಂದನೆಯ ವಲಯವನ್ನೇ ತೆಗೆದುಹಾಕಬೇಕಾಯಿತು. ದಖ್ಖಣದ ನೆಲವು ಅಲುಗದೆಂಬ ಮಾತಿಗೆ ಇದಕ್ಕಿಂತ ಕಠೋರವಾದ ಉತ್ತರವು ಬೇಡ.

ಹಾಗಾದರೆ ಇಷ್ಟು ಗಟ್ಟಿಯಾದ ಬಂಡೆಯು ಏಕೆ ಒಡೆಯುತ್ತದೆ? ಪ್ರಾಚೀನರೂ ಈ ಪ್ರಶ್ನೆಯನ್ನು ಕೇಳಿದ್ದರು. ವರಾಹಮಿಹಿರಾಚಾರ್ಯರ ಬೃಹತ್ಸಂಹಿತೆಯಲ್ಲಿ ಭೂಕಂಪಕ್ಕೆಂದೇ ಒಂದು ಅಧ್ಯಾಯವಿದೆ. ನೀರಿನೊಳಗಿನ ಮಹಾಪ್ರಾಣಿಗಳಿಂದ ಎಂದು ಕೆಲವರು, ಭೂಭಾರವನ್ನು ಹೊತ್ತು ದಣಿದ ದಿಗ್ಗಜಗಳ ನಿಟ್ಟುಸಿರಿನಿಂದ ಎಂದು ಕೆಲವರು, ಗಾಳಿಗಳ ಸಂಘರ್ಷದಿಂದ ಎಂದು ಮತ್ತೆ ಕೆಲವರು ಹೇಳಿದರೆಂದು ಆಚಾರ್ಯರು ನಾನಾ ಮತಗಳನ್ನು ಅಲ್ಲಿ ಸಂಗ್ರಹಿಸಿದ್ದಾರೆ. ಪ್ರಶ್ನೆಯನ್ನು ಕೇಳಿದ ಕೀರ್ತಿಯು ಅವರಿಗೆ ಸಲ್ಲಲಿ. ಉತ್ತರವು ಮಾತ್ರ ಅಳತೆಗೋಲನ್ನು ಹಿಡಿದವರಿಂದ ಬಂದಿತು.

1906ರ ಏಪ್ರಿಲ್ 18ರಂದು ಸ್ಯಾನ್‌ಫ್ರಾನ್ಸಿಸ್ಕೋ ನಗರವು ಭೂಕಂಪದಿಂದಲೂ ಬೆಂಕಿಯಿಂದಲೂ ಹಾಳಾದ ಮೇಲೆ, ಆ ಪ್ರಾಂತದ ಹಳೆಯ ಮೋಜಣಿಯ ಅಳತೆಗಳನ್ನೂ ಹೊಸ ಅಳತೆಗಳನ್ನೂ ಎದುರುಬದುರಾಗಿ ಇಟ್ಟು ಪರಿಶೀಲಿಸಿದ ಹ್ಯಾರಿ ರೀಡ್ ಎಂಬ ಪಂಡಿತರು 1910ರಲ್ಲಿ ತಮ್ಮ ಸಿದ್ಧಾಂತವನ್ನು ಪ್ರಕಟಿಸಿದರು. ಭೂಮಿಯ ಮೇಲ್ಪದರದಲ್ಲಿ ಹಳೆಯ ಸೀಳುಗಳಿವೆ. ಇವನ್ನು ಭೂಗರ್ಭಶಾಸ್ತ್ರಜ್ಞರು ಸ್ತರಭಂಗಗಳೆನ್ನುತ್ತಾರೆ. ಸೀಳಿನ ಎರಡು ಮಗ್ಗುಲುಗಳನ್ನು ಭೂಮಿಯ ಒಳಗಿನ ಬಲಗಳು ಬೇರೆ ಬೇರೆ ದಿಕ್ಕಿಗೆ ನೂಕುತ್ತಿರುತ್ತವೆ. ಆದರೆ ಘರ್ಷಣೆಯು ಅವನ್ನು ಕಚ್ಚಿ ಹಿಡಿದಿರುತ್ತದೆ. ಬಂಡೆಯು ಬಿಲ್ಲಿನಂತೆ ಬಾಗುತ್ತ ಹೋಗುತ್ತದೆ. ಹಿಡಿತವು ತಪ್ಪಿದ ಕ್ಷಣದಲ್ಲಿ ಎರಡು ಮಗ್ಗುಲುಗಳೂ ಥಟ್ಟನೆ ಜಾರಿ ನೆಟ್ಟಗಾಗುತ್ತವೆ. ಶತಮಾನಗಳಲ್ಲಿ ಕೂಡಿಟ್ಟ ಶಕ್ತಿಯು ನಿಮಿಷದೊಳಗೆ ವೆಚ್ಚವಾಗುತ್ತದೆ. ಅದೇ ಭೂಕಂಪ. ಭಾರತದ ನೆಲವೆಲ್ಲವೂ ವರ್ಷಕ್ಕೆ ಸುಮಾರು 5 ಸೆಂಟಿಮೀಟರಿನಂತೆ ಉತ್ತರಕ್ಕೆ ಸರಿದು ಏಷ್ಯಾ ಖಂಡವನ್ನು ಒತ್ತುತ್ತಿರುವುದರಿಂದ, ಆ ಒತ್ತಡದ ಬಹುಭಾಗವು ಹಿಮಾಲಯದಲ್ಲಿ ತೀರಿದರೂ ಅಲ್ಪಭಾಗವು ದಖ್ಖಣದ ಹಳೆಯ ಸೀಳುಗಳಿಗೂ ತಲುಪುತ್ತದೆ. ಹಿಮಾಲಯದಲ್ಲಿ ಬೇಗ ತುಂಬುವ ಕೊಡವು ಇಲ್ಲಿ ಬಹು ನಿಧಾನವಾಗಿ ತುಂಬುತ್ತದೆ, ತುಂಬುವುದೇ ಇಲ್ಲವೆಂದಲ್ಲ.

ಸೀಳು ಹೇಗೆ ಓಡುತ್ತದೆಂಬುದನ್ನು ನಮ್ಮ ಕಲ್ಲುಗಣಿಗಳ ಕೆಲಸಗಾರರಿಗೆ ಹೊಸದಾಗಿ ಕಲಿಸಬೇಕಾಗಿಲ್ಲ. ಅವರು ಗ್ರಾನೈಟಿನ ಮೈಯಲ್ಲಿ ಸಾಲಾಗಿ ತೂತು ಕೊರೆದು, ಬೆಣೆಗಳನ್ನಿಟ್ಟು, ಒಂದೊಂದಾಗಿ ಬಡಿಯುತ್ತ ಹೋಗುತ್ತಾರೆ. ಬಹಳ ಹೊತ್ತು ಏನೂ ಆಗುವುದಿಲ್ಲ. ಕೊನೆಯ ಪೆಟ್ಟಿಗೆ ಒಂದು ಕಡೆ ಹುಟ್ಟಿದ ಬಿರುಕು ಸರ್ರನೆ ಈ ತುದಿಯಿಂದ ಆ ತುದಿಗೆ ಹರಿಯುತ್ತದೆ. ಭೂಮಿಯ ಸೀಳೂ ಒಮ್ಮೆಲೇ ಎಲ್ಲ ಕಡೆಯೂ ಜಾರುವುದಿಲ್ಲ. ಒಂದು ಬಿಂದುವಿನಲ್ಲಿ ಆರಂಭವಾಗಿ ಸಾಮಾನ್ಯವಾಗಿ ಸೆಕೆಂಡಿಗೆ 2ರಿಂದ 3 ಕಿಲೋಮೀಟರು ವೇಗದಲ್ಲಿ ಮುಂದಕ್ಕೆ ಓಡುತ್ತದೆ. ಎಷ್ಟು ದೂರ ಓಡಿತೋ ಅಷ್ಟು ದೊಡ್ಡ ಭೂಕಂಪ. 2004ರ ಡಿಸೆಂಬರ್ 26ರಂದು ಸುಮಾತ್ರದ ಬಳಿ ಆರಂಭವಾದ ಸೀಳು ಅಂಡಮಾನಿನವರೆಗೆ ಸುಮಾರು 1300 ಕಿಲೋಮೀಟರು ಓಡಲು ಎಂಟು ಹತ್ತು ನಿಮಿಷಗಳು ಹಿಡಿದವು. 2025ರ ಮಾರ್ಚ್ 28ರಂದು ಬ್ರಹ್ಮದೇಶದ ಸಾಗಾಯಿಂಗ್ ಸ್ತರಭಂಗವು ಒಡೆದಾಗ, ಅಲ್ಲಿನ ಒಂದು ಸೌರ ವಿದ್ಯುತ್ ಕೇಂದ್ರದ ಕಾವಲು ಕ್ಯಾಮರಾದಲ್ಲಿ ನೆಲವು ಜಾರುವ ದೃಶ್ಯವೇ ಸೆರೆಸಿಕ್ಕಿತು. ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ವಿಜ್ಞಾನಿಗಳು ಅದನ್ನು ಚಿತ್ರ ಚಿತ್ರವಾಗಿ ಅಳೆದು, ನೆಲವು 1.3 ಸೆಕೆಂಡಿನಲ್ಲಿ 2.5 ಮೀಟರು ಜಾರಿತೆಂದು ಕಂಡುಹಿಡಿದರು. ಕಣ್ಣು ಮಿಟುಕಿಸಿ ತೆರೆಯುವುದರೊಳಗೆ ಹೊಲದ ಬದುವು ಆಳುದ್ದಕ್ಕಿಂತ ಹೆಚ್ಚಾಗಿ ಪಕ್ಕಕ್ಕೆ ಸರಿದಂತೆ!

ಪಾತಾಳದಲ್ಲಿ ಆಗುವ ಈ ಕೃತ್ಯವನ್ನು ವಿಜ್ಞಾನಿಗಳು ತಿಳಿಯುವ ಬಗೆಯೂ ಸ್ವಾರಸ್ಯವಾಗಿದೆ. ಸೀಳಿನಿಂದ ಎರಡು ಬಗೆಯ ಅಲೆಗಳು ಹೊರಡುತ್ತವೆ. ಬಂಡೆಯನ್ನು ಮುಂದಕ್ಕೂ ಹಿಂದಕ್ಕೂ ಒತ್ತುವ ಮೊದಲನೆಯ ಅಲೆಯು ಸೆಕೆಂಡಿಗೆ ಸುಮಾರು 6 ಕಿಲೋಮೀಟರೂ, ಅಡ್ಡಕ್ಕೆ ಕುಲುಕುವ ಎರಡನೆಯದು ಸುಮಾರು ಮೂರೂವರೆ ಕಿಲೋಮೀಟರೂ ಓಡುತ್ತವೆ. ಮಿಂಚಿಗೂ ಗುಡುಗಿಗೂ ನಡುವಿನ ಅಂತರದಿಂದ ಮೋಡದ ದೂರವನ್ನು ಅಂದಾಜು ಮಾಡುವಂತೆ, ಈ ಎರಡು ಅಲೆಗಳ ನಡುವಿನ ಪ್ರತಿಯೊಂದು ಸೆಕೆಂಡಿಗೆ ಸುಮಾರು 8 ಕಿಲೋಮೀಟರಿನಂತೆ ಲೆಕ್ಕ ಹಾಕಬಹುದು. ಬಳ್ಳಾರಿಯಲ್ಲಿ ನೆಲವು ಒಡೆದರೆ ಕೊಪ್ಪಳದ ಯಂತ್ರದಲ್ಲಿ ಎರಡು ಅಲೆಗಳಿಗೂ ನಡುವೆ ಹತ್ತು ಸೆಕೆಂಡುಗಳ ಅಂತರವು ಕಂಡೀತು. ಇಂತಹ ಮೂರು ಕೇಂದ್ರಗಳ ಲೆಕ್ಕವು ಕೂಡಿದರೆ ಭೂಕಂಪದ ಸ್ಥಾನವು ನಿಶ್ಚಯವಾಗುತ್ತದೆ. ಈ ಅಲೆಗಳನ್ನು ದೂರದ ಯಂತ್ರಗಳ ಬರಹದಲ್ಲಿ ಬೇರೆ ಬೇರೆಯಾಗಿ ಗುರುತಿಸಿ ತೋರಿಸಿದವರು ಭಾರತದ ಭೂಗರ್ಭ ಸರ್ವೇಕ್ಷಣೆಯಲ್ಲಿದ್ದು 1897ರ ಅಸ್ಸಾಮಿನ ಮಹಾಭೂಕಂಪವನ್ನು ಪರಿಶೀಲಿಸಿದ ಓಲ್ಡ್‌ಹ್ಯಾಮ್ ಎಂಬವರೆಂಬುದು ನಮ್ಮ ದೇಶಕ್ಕೆ ಹೆಮ್ಮೆಯ ಸಂಗತಿ. ನಮ್ಮ ಕರ್ನಾಟಕದ ಗೌರಿಬಿದನೂರಿನಲ್ಲಿಯೇ 1965ರಲ್ಲಿ ಪರಮಾಣು ಶಕ್ತಿ ಇಲಾಖೆಯವರು ಭೂಕಂಪಮಾಪಕಗಳ ಸಾಲೊಂದನ್ನು ಸ್ಥಾಪಿಸಿದರು. ಪರದೇಶಗಳ ಅಣುಸ್ಫೋಟಗಳನ್ನು ಇಲ್ಲಿಂದಲೇ ಕಂಡುಹಿಡಿಯಲು ಆ ಕೇಂದ್ರಕ್ಕೆ ನಮ್ಮ ಗಟ್ಟಿ ಬಂಡೆಯೇ ನೆರವಾಯಿತು.

ಇದಲ್ಲದೆ ಕಿಲ್ಲಾರಿಯಂತಹ ಸ್ಥಳಗಳಲ್ಲಿ ಸೀಳಿಗೆ ಅಡ್ಡಲಾಗಿ ಕಂದಕ ತೋಡಿ, ಮುರಿದ ಮಣ್ಣಿನ ಪದರಗಳಿಂದ ಹಿಂದಿನ ಭೂಕಂಪಗಳ ಕಾಲವನ್ನು ಓದುತ್ತಾರೆ. ಕೃತಕ ಉಪಗ್ರಹಗಳಿಂದ ನೆಲದ ಬೆರಳಗಲದ ಸರಿತವನ್ನೂ ಅಳೆಯುತ್ತಾರೆ. 2011ರ ಮಾರ್ಚ್ 11ರ ಜಪಾನಿನ ಭೂಕಂಪದ ಮರುವರ್ಷವೇ ಹಡಗಿನಿಂದ ಸಮುದ್ರತಳವನ್ನು ಕೊರೆದು, ಐವತ್ತು ಮೀಟರಿನಷ್ಟು ಜಾರಿದ ಸೀಳಿನ ನಡುವೆ ಕೇವಲ ಕೆಲವೇ ಮೀಟರು ದಪ್ಪದ ಜಾರು ಜೇಡಿಯ ಪದರವಿದ್ದುದನ್ನು ಹೊರತೆಗೆದರು. ನಮ್ಮ ದೇಶದಲ್ಲಿಯೂ ಕೊಯ್ನಾ ಪ್ರದೇಶದಲ್ಲಿ ಭೂವಿಜ್ಞಾನ ಮಂತ್ರಾಲಯದವರು 3 ಕಿಲೋಮೀಟರು ಆಳದ ಬಾವಿಯನ್ನು ಕೊರೆದಿದ್ದಾರೆ.

ಇಷ್ಟು ತಿಳಿದ ಮೇಲೆ ಯಾವ ದಿನ ಭೂಕಂಪವಾಗುವುದೆಂದು ಹೇಳಬಾರದೇಕೆ ಎಂದು ವಾಚಕರು ಕೇಳಬಹುದು. ಹೇಳಲು ಸಾಧ್ಯವಿಲ್ಲವೆಂಬುದೇ ಪ್ರಾಮಾಣಿಕವಾದ ಉತ್ತರ. ಕ್ಯಾಲಿಫೋರ್ನಿಯದ ಪಾರ್ಕ್‌ಫೀಲ್ಡ್ ಎಂಬಲ್ಲಿ 1993ರೊಳಗೆ ಭೂಕಂಪವಾಗುವುದೆಂದು ಎಣಿಸಿ ಯಂತ್ರಗಳ ಜಾಲವನ್ನೇ ಹೂಡಿ ಕಾದರು. ಅದು ಬಂದದ್ದು 2004ರಲ್ಲಿ, ಅದೂ ಸ್ಪಷ್ಟವಾದ ಮುನ್ಸೂಚನೆಯೊಂದನ್ನೂ ಕೊಡದೆ. ಚೀನ ದೇಶದಲ್ಲಿ 1975ರಲ್ಲಿ ಹೈಚೆಂಗಿನ ಜನರನ್ನು ಮೊದಲೇ ಹೊರಗೆ ಕಳುಹಿಸಿ ಅನೇಕ ಪ್ರಾಣಗಳನ್ನು ಉಳಿಸಿದರು. ಮರುವರ್ಷವೇ ಟಾಂಗ್‌ಶಾನಿನಲ್ಲಿ ಎರಡು ಲಕ್ಷಕ್ಕೂ ಮಿಕ್ಕ ಜನರು ಎಚ್ಚರಿಕೆಯಿಲ್ಲದೆ ಮಡಿದರು. ಆದುದರಿಂದ ಇಂತಹ ತಿಥಿಗೆ, ಇಂತಹ ಗ್ರಹಣಕ್ಕೆ ಭೂಮಿ ನಡುಗುವುದೆಂದು ಹಬ್ಬಿಸುವವರ ಮಾತಿಗೆ ಸುಶಿಕ್ಷಿತರು ಕಿವಿಗೊಡಬಾರದು. 2021ರ ಅಕ್ಟೋಬರಿನಲ್ಲಿ ಕಲಬುರ್ಗಿ ಜಿಲ್ಲೆಯ ಗಡಿಕೇಶ್ವರದಲ್ಲಿ ಮೇಲಿಂದ ಮೇಲೆ ಸಣ್ಣ ಕಂಪನಗಳಾದಾಗ ಜನರು ಮನೆಗಳನ್ನು ಬಿಟ್ಟು ಬಯಲಿನಲ್ಲಿ ಮಲಗಿದರು; ಊರು ಬಿಟ್ಟವರೂ ಉಂಟು. ಅಂತಹ ವೇಳೆಯಲ್ಲಿ ವದಂತಿಗಿಂತ ಮೊದಲು ನಿಜವು ಜನರನ್ನು ಮುಟ್ಟಬೇಕು.

ಭೂಕಂಪವನ್ನು ಪಾಪದ ಫಲವೆನ್ನುವ ವಾದವೂ ಹಳೆಯದು. 1934ರ ಜನವರಿ 15ರಂದು ಬಿಹಾರವು ತತ್ತರಿಸಿದಾಗ ಮಹಾತ್ಮಾ ಗಾಂಧಿಯವರು ಅದನ್ನು ಅಸ್ಪೃಶ್ಯತೆಯ ಪಾಪಕ್ಕೆ ದೊರೆತ ದಂಡನೆಯೆಂದರು. ಭೌತಿಕ ಘಟನೆಗೆ ಭೌತಿಕವಾದ ಕಾರಣವೇ ಇರಬೇಕೆಂದು ರವೀಂದ್ರನಾಥ ಠಾಕೂರರು ಪ್ರತಿಭಟಿಸಿದರು. ಗಾಂಧಿಯವರು ಆ ಪ್ರತಿಭಟನೆಯನ್ನು ತಮ್ಮ ‘ಹರಿಜನ’ ಪತ್ರಿಕೆಯಲ್ಲಿಯೇ ಮುದ್ರಿಸಿದರು. ಇಬ್ಬರ ಮೇಲೆಯೂ ನಮಗೆ ಅಪಾರ ಗೌರವವಿದೆ. ಆದರೆ ಈ ವಿಷಯದಲ್ಲಿ ಕವಿಯ ಪಕ್ಷವೇ ನಮ್ಮ ಪಕ್ಷ. ಅಸ್ಪೃಶ್ಯತೆಯು ಮಹಾಪಾಪವೆಂಬುದಕ್ಕೆ ಭೂಕಂಪದ ಸಾಕ್ಷಿಯು ಬೇಕಿಲ್ಲ. ಭೂಮಿಯು ಯಾರ ಜಾತಕವನ್ನೂ ನೋಡಿ ನಡುಗುವುದಿಲ್ಲ. ಆದರೆ ಯಾರ ಮನೆಯು ಬೀಳಬೇಕೆಂಬುದನ್ನು ಬಡತನವೂ ನಮ್ಮ ಅಲಕ್ಷ್ಯವೂ ಸೇರಿ ಮೊದಲೇ ನಿಶ್ಚಯಿಸಿರುತ್ತವೆ.

ಈ ಮಾತಿಗೆ ಅಂಕಿಗಳೇ ಆಧಾರ. ಕಿಲ್ಲಾರಿಯ ಭೂಕಂಪದ ಪ್ರಮಾಣವು 6.2, 2001ರ ಜನವರಿ 26ರ ಭುಜ್ ಭೂಕಂಪದ್ದು 7.7. ಪ್ರಮಾಣವು ಒಂದಂಕ ಏರಿದರೆ ಶಕ್ತಿಯು ಸುಮಾರು 32 ಪಟ್ಟು ಏರುವುದರಿಂದ, ಭುಜ್‌ನಲ್ಲಿ ಹೊರಬಿದ್ದ ಶಕ್ತಿಯು ಕಿಲ್ಲಾರಿಯದಕ್ಕಿಂತ ಹೆಚ್ಚು ಕಡಿಮೆ 180 ಪಟ್ಟು ದೊಡ್ಡದು. ಮೃತರ ಸಂಖ್ಯೆಯಾದರೋ ಸುಮಾರು ಎರಡು ಪಟ್ಟು ಮಾತ್ರ. ಹೊತ್ತೂ ಜನವಸತಿಯೂ ಬೇರೆಯಾಗಿದ್ದುವು, ನಿಜ. ಆದರೂ ಕಿಲ್ಲಾರಿಯಲ್ಲಿ ಕೊಂದದ್ದು ಮನೆ. ಎರಡು ಸಾಲು ಕಲ್ಲುಗಳನ್ನು ಒಂದಕ್ಕೊಂದು ಹೆಣೆಯದೆ ಬರಿಯ ಮಣ್ಣಿನಲ್ಲಿ ಜೋಡಿಸಿದ ದಪ್ಪ ಗೋಡೆ, ತಲೆಯ ಮೇಲೆ ಟನ್ನುಗಟ್ಟಲೆ ಮಣ್ಣಿನ ಮಾಳಿಗೆ. ನೆಲವು ಅಡ್ಡಕ್ಕೆ ಕುಲುಕಿದೊಡನೆ ಗೋಡೆಯ ಎರಡು ಮೈಗಳೂ ಬೇರ್ಪಟ್ಟು ಹೊಟ್ಟೆಯುಬ್ಬಿ ಒಡೆದವು. ಮಾಳಿಗೆಯ ಮಣ್ಣು ಮಲಗಿದ್ದವರನ್ನು ಹುಗಿದುಬಿಟ್ಟಿತು.

ಈ ವರ್ಣನೆಯನ್ನು ಓದಿದ ಯಲಬುರ್ಗಾ, ಕುಷ್ಟಗಿ ತಾಲೂಕುಗಳ ವಾಚಕರಿಗೆ ತಮ್ಮ ಓಣಿಯ ನೆನಪು ಬಾರದಿರದು. ಅದೇ ಕಲ್ಲು, ಅದೇ ಮಣ್ಣು, ಅದೇ ಮೇಲ್ಮುದ್ದೆ. ಇಂತಹ ಮನೆಗಳು ಬೀಳಲು ಭೂಕಂಪವೂ ಬೇಕಾಗಿಲ್ಲ; ನಾಲ್ಕು ದಿನ ಜಡಿಮಳೆ ಹಿಡಿದರೆ ಸಾಕು. ಮಳೆಗಾಲದಲ್ಲಿ ಗೋಡೆ ಕುಸಿದು ಮುದುಕರೋ ಮಕ್ಕಳೋ ಸತ್ತ ಸುದ್ದಿಯನ್ನು ಉತ್ತರ ಕರ್ನಾಟಕದ ಪತ್ರಿಕೆಗಳು ಮತ್ತೆ ಮತ್ತೆ ಅಚ್ಚು ಹಾಕಬೇಕಾಗುತ್ತದೆ. ಹೀಗಿರುವಾಗ ಬಾರದಿರಬಹುದಾದ ಭೂಕಂಪಕ್ಕೆ ಹಣವನ್ನು ಏಕೆ ಸುರಿಯಬೇಕೆಂಬ ಆಕ್ಷೇಪಣೆಯು ನಿಲ್ಲುವುದಿಲ್ಲ. ಭೂಕಂಪಕ್ಕೆ ತಡೆಯುವ ಗೋಡೆಯು ಮಳೆಗೂ ತಡೆಯುತ್ತದೆ. ಭೂಕಂಪವು ನೂರು ವರ್ಷ ಬಾರದಿದ್ದರೂ ಮಾಡಿದ ವೆಚ್ಚವು ಮೊದಲ ಮಳೆಗಾಲದಲ್ಲಿಯೇ ಸಾರ್ಥಕವಾಗುತ್ತದೆ.

ಉಪಾಯವೂ ದುಬಾರಿಯದಲ್ಲ. ಗೋಡೆಯ ಎರಡು ಮೈಗಳನ್ನೂ ಕೂಡಿಸುವಂತೆ ಅಲ್ಲಲ್ಲಿ ಗೋಡೆಯ ದಪ್ಪದಷ್ಟು ಉದ್ದನೆಯ ಕಲ್ಲುಗಳನ್ನು ಅಡ್ಡಲಾಗಿ ಸೇರಿಸುವುದು, ಬಾಗಿಲಿನ ಮೇಲ್ಮಟ್ಟದಲ್ಲಿ ನಾಲ್ಕು ಗೋಡೆಗಳನ್ನೂ ನಡುಪಟ್ಟಿಯಂತೆ ಸುತ್ತುವ ಕಬ್ಬಿಣದ ಸರಳಿನ ಕಾಂಕ್ರೀಟು ಪಟ್ಟಿಯನ್ನು ಹಾಕುವುದು, ಮೂಲೆಗಳನ್ನು ಬಿಗಿಯುವುದು, ಮಾಳಿಗೆಯ ಮೇಲೆ ವರ್ಷ ವರ್ಷವೂ ಮಣ್ಣನ್ನು ಏರಿಸುತ್ತ ಹೋಗುವ ರೂಢಿಯನ್ನು ಬಿಡುವುದು. ಇಷ್ಟನ್ನು ನಮ್ಮ ಊರಿನ ಗೌಂಡಿಗಳೇ ಮಾಡಬಲ್ಲರು, ತಿಳಿಸಿಕೊಡುವವರಿದ್ದರೆ.

ತುಂಗಭದ್ರಾ ಜಲಾಶಯದ ವಿಷಯವನ್ನೂ ಇಲ್ಲಿ ಎತ್ತದೆ ವಿಧಿಯಿಲ್ಲ. ಕೊಯ್ನಾ ಅಣೆಕಟ್ಟಿನಲ್ಲಿ ನೀರು ನಿಲ್ಲಿಸಿದ ಕೆಲವೇ ವರ್ಷಗಳಲ್ಲಿ, 1967ರ ಡಿಸೆಂಬರ್ 11ರ ಬೆಳಗಿನ ಜಾವ, 6ಕ್ಕೆ ಮಿಕ್ಕ ಪ್ರಮಾಣದ ಭೂಕಂಪವಾಗಿ ಸುಮಾರು 180 ಜನರು ಮೃತರಾದರು. ನಿಂತ ನೀರಿನ ಭಾರವೂ, ಬಿರುಕುಗಳಲ್ಲಿ ಇಳಿದ ನೀರಿನ ಒತ್ತಡವೂ ಸ್ತರಭಂಗದ ಹಿಡಿತವನ್ನು ಸಡಿಲಿಸಬಲ್ಲವೆಂದು ವಿಜ್ಞಾನಿಗಳು ಅಲ್ಲಿಂದ ಕಲಿತರು. ಜಲಾಶಯಗಳಲ್ಲಿ ಬಹುಪಾಲು ಇಂತಹ ತೊಂದರೆಯನ್ನು ಕೊಡುವುದಿಲ್ಲ. 1953ರಿಂದ ನೀರು ಹಿಡಿದಿರುವ ನಮ್ಮ ಜಲಾಶಯದ ಬಗೆಗೆ ಜನರಲ್ಲಿ ಭೀತಿಯನ್ನು ಬಿತ್ತುವುದು ನಮ್ಮ ಇಷ್ಟವಲ್ಲ. ಆದರೆ ಸುರ್ಕಿ ಗಾರೆಯಿಂದ ಕಟ್ಟಿದ ಆ ಹಳೆಯ ಕಟ್ಟೆಯನ್ನು ನೆಚ್ಚಿ ಲಕ್ಷಾಂತರ ರೈತರು ಬದುಕುತ್ತಿದ್ದಾರೆ. 2024ರ ಆಗಸ್ಟ್ 10ರ ರಾತ್ರಿ ಸರಪಳಿ ತುಂಡಾಗಿ 19ನೆಯ ಗೇಟು ಕೊಚ್ಚಿಹೋದಾಗ ನಾಡೆಲ್ಲ ತಲ್ಲಣಿಸಿತು. ಅಂದು ಭೂಮಿಯು ನಡುಗಿರಲಿಲ್ಲ. ಸವೆದ ಕಬ್ಬಿಣವೊಂದೇ ಸಾಕಾಯಿತು. ಕಾಣುವ ಸರಪಳಿಗೇ ಹೀಗಾದರೆ ಕಾಣದ ನೆಲದ ಬಗೆಗೆ ಎಷ್ಟು ಎಚ್ಚರವು ಬೇಡ?

ಆದುದರಿಂದ ಸರಕಾರದವರ ಮುಂದೆ ನಾವು ನಾಲ್ಕು ಬೇಡಿಕೆಗಳನ್ನಿಡುತ್ತೇವೆ. ಮೊದಲನೆಯದಾಗಿ, ಈ ಸೀಮೆಯ ಪ್ರತಿಯೊಂದು ಶಾಲೆ, ಅಂಗನವಾಡಿ, ಆಸ್ಪತ್ರೆಯ ಕಟ್ಟಡವನ್ನೂ ಇಂಜಿನಿಯರರಿಂದ ಪರೀಕ್ಷೆ ಮಾಡಿಸಿ, ವರದಿಯನ್ನು ಆಯಾ ಊರಿನ ಪಂಚಾಯತಿಯ ಗೋಡೆಗೆ ಅಂಟಿಸತಕ್ಕದ್ದು. ಎರಡನೆಯದಾಗಿ, ಬಡವರ ಮನೆಗಳಿಗೆ ಕೊಡುವ ಸಹಾಯಧನದಲ್ಲಿಯೇ ಮೇಲೆ ಹೇಳಿದ ಪಟ್ಟಿಗೂ ಅಡ್ಡಗಲ್ಲಿಗೂ ಬೇರೆ ಹಣವನ್ನು ಕೂಡಿಸಿ, ತಾಲೂಕಿಗೊಂದರಂತೆ ಗೌಂಡಿಗಳ ಶಿಕ್ಷಣವರ್ಗವನ್ನು ನಡೆಸತಕ್ಕದ್ದು. ಮೂರನೆಯದಾಗಿ, ಜಲಾಶಯದ ಸುತ್ತಣ ಭೂಕಂಪನಗಳ ದಾಖಲೆಯನ್ನು ತಿಂಗಳು ತಿಂಗಳೂ ತಿಳಿಗನ್ನಡದಲ್ಲಿ ಪ್ರಕಟಿಸತಕ್ಕದ್ದು. ಕೊಪ್ಪಳ, ಗಂಗಾವತಿಗಳ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಕಣ್ಣಾರೆ ನೋಡುವಂತೆ ಒಂದೊಂದು ಭೂಕಂಪಮಾಪಕವನ್ನು ಇಡತಕ್ಕದ್ದು. ನಾಲ್ಕನೆಯದಾಗಿ, ಪಾಲ್ಕಿಗುಂಡು, ಆನೆಗೊಂದಿ, ಹಿರೇಬೆಣಕಲ್ಲುಗಳ ತೂಗುಬಂಡೆಗಳನ್ನೂ ಕಲ್ಮನೆಗಳನ್ನೂ ಅಳೆದು ಪಟ್ಟಿ ಮಾಡಿ, ಕಲ್ಲುಗಣಿಯ ಮದ್ದು ಅವುಗಳ ಸಮೀಪಕ್ಕೆ ಸುಳಿಯದಂತೆ ಕಾಯತಕ್ಕದ್ದು. ಸಾವಿರಾರು ವರ್ಷಗಳ ಸಾಕ್ಷಿಯನ್ನು ಜಲ್ಲಿಕಲ್ಲಿನ ಬೆಲೆಗೆ ಮಾರುವುದು ವಿವೇಕವಲ್ಲ.

ಸರಕಾರವೊಂದನ್ನೇ ದೂರಿ ನಾವು ಕೈ ತೊಳೆದುಕೊಳ್ಳಲೂ ಬಾರದು. ಹೊಸ ಮನೆ ಕಟ್ಟಿಸುವ ಪಟ್ಟಣಿಗರು ಪಡಸಾಲೆಯ ನುಣುಪುಕಲ್ಲಿಗೆ ಸುರಿಯುವ ಹಣದಲ್ಲಿ ಹತ್ತರಲ್ಲೊಂದು ಪಾಲನ್ನು ಗೋಡೆಯ ಬಂಧಕ್ಕೆ ಮೀಸಲಿಡಲಿ. ಓದುಬರಹ ಬಲ್ಲವರು ಈ ವಿಷಯವನ್ನು ತಮ್ಮ ಹಳ್ಳಿಯ ಗೌಂಡಿಗೂ ಹಿರಿಯರಿಗೂ ತಿಳಿಯಹೇಳಲಿ. ನಮ್ಮ ಬಂಡೆಯು ಗಟ್ಟಿಯಾದುದೆಂಬ ಹೆಮ್ಮೆಯು ನಮಗೂ ಇದೆ. ಬಂಡೆಯಷ್ಟು ಗಟ್ಟಿಯಾದ ಮನೆಯು ಬಡವನಿಗೂ ದೊರೆಯಲೆಂಬುದೇ ನಮ್ಮ ವಿಜ್ಞಾಪನೆ.